ತೊಳೆದು ಮುಟ್ಟುವ ಕೈ

ನಮ್ಮ ಪುರವರ ಹೋಬಳಿಯ ಕಡೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಮನೆ ಬಾಗಿಲಲ್ಲೂ ಒಂದು ಮಾತು ಕೇಳಿಸುತ್ತದೆ. ಬೀದಿಯಲ್ಲಿ ಆಡಿ, ಮಣ್ಣಾಗಿ ಬಂದ ಮಗುವಿಗೆ ಅಜ್ಜಿ ಹೇಳುವ ಮಾತು: "ಕೈಕಾಲು ತೊಳ್ಕಂಡು ಒಳಿಕ್ ಬಾರಪ್ಪ." ನಾನೂ ಆ ಮಾತು ಕೇಳಿಕೊಂಡೇ ಬೆಳೆದವಳು. ಬಾಗಿಲ ಮಗ್ಗುಲಿಗೆ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಒಂದು ಚೊಂಬು ನೀರು ಇದ್ದೇ ಇರುತ್ತಿತ್ತು. ಆಮೇಲೆ ನಾನು ನರ್ಸ್ ಆದೆ. ಮಕ್ಕಳ ವಾರ್ಡುಗಳಲ್ಲಿ, ಮಕ್ಕಳನ್ನು ಇಟ್ಟುಕೊಂಡು ಸಾಕುವ ನಿಲಯಗಳಲ್ಲಿ ಬಹಳ ವರ್ಷ ಓಡಾಡಿದೆ. ಹಾಗೆ ಓಡಾಡಿದಷ್ಟು ಕಾಲವೂ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳುವ ಈ ಮಾತನ್ನು, ಮಕ್ಕಳನ್ನು ನೋಡಿಕೊಳ್ಳುವ ನಾವು ನಮಗೆ ಎಷ್ಟು ಸಲ ಹೇಳಿಕೊಳ್ಳುತ್ತೇವೆ? ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮನೆಯ ಹೊರಗೆ ಬೆಳೆಯುವ ಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಇವತ್ತು ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಯಾವ ಊರಿಗೆ ಹೋದರೂ ಅಂಗನವಾಡಿ ಇದೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023ರಲ್ಲಿ ಸರ್ಕಾರ ಹೇಳಿತು. ತೂಕ ಕಡಿಮೆಯಾದ ಮಕ್ಕಳನ್ನು ಎರಡು ವಾರ ಇಟ್ಟುಕೊಂಡು ಆರೈಕೆ ಮಾಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಹೆತ್ತವರಿಲ್ಲದ ಮಕ್ಕಳಿಗೆ ಬಾಲಮಂದಿರಗಳು, ದತ್ತು ಕೇಂದ್ರಗಳಿವೆ. ತಾವಾಗಿ ಉಣ್ಣಲಾಗದ, ಎದ್ದು ನಡೆಯಲಾಗದ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಳ್ಳುವ ವಿಶೇಷ ವಸತಿ ಶಾಲೆಗಳಿವೆ. ಇನ್ನು ಹಾಸ್ಟೆಲುಗಳಿಗಂತೂ ಲೆಕ್ಕವಿಲ್ಲ.

ಬೇರೆಯವರ ಮಕ್ಕಳನ್ನು ತಂದಿಟ್ಟುಕೊಂಡು ಸಾಕುವುದು ನಮ್ಮ ತುಮಕೂರು ಜಿಲ್ಲೆಗೆ ಹೊಸದಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಅಲ್ಲಿ ಓದಿ ಬಂದವರು ನಮ್ಮ ಹೋಬಳಿಯ ಒಂದೊಂದು ಊರಿನಲ್ಲೂ ಸಿಗುತ್ತಾರೆ. ಇಟ್ಟುಕೊಂಡು ಸಾಕುವ ಔದಾರ್ಯ ನಮಗೆ ಇದೆ. ಹಾಗೆ ಇಟ್ಟುಕೊಂಡ ಮಗು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಗೆ ಸಿಕ್ಕದಂತೆ ಕಾಯುವುದೂ ಆ ಔದಾರ್ಯದೊಳಗೇ ಸೇರಿದ್ದು.

ಮನೆಯಲ್ಲಿ ಬೆಳೆಯುವ ಮಗುವಿಗೂ ನಿಲಯದಲ್ಲಿ ಬೆಳೆಯುವ ಮಗುವಿಗೂ ಇರುವ ವ್ಯತ್ಯಾಸ ನೋಡಿ. ಮನೆಯಲ್ಲಿ ತಾಯಿಯ ಎರಡು ಕೈಗೆ ಒಂದು ಮಗು, ಹೆಚ್ಚೆಂದರೆ ಎರಡು. ಆ ಕೈಗೆ ಮಗುವಿನ ಸಿಂಬಳವೋ ಉಚ್ಚೆಯೋ ತಗುಲಿದರೆ ಅದು ಬಹುಪಾಲು ಅದೇ ಮಗುವಿಗೆ ವಾಪಸು ಹೋಗುತ್ತದೆ. ನಿಲಯದಲ್ಲಿ ಹಾಗಲ್ಲ. ಆಯಮ್ಮನ ಎರಡು ಕೈಗೆ ಎಂಟು ಮಕ್ಕಳು, ಹತ್ತು ಮಕ್ಕಳು. ತೊಟ್ಟಿಲಲ್ಲಿ ಮಲಗಿದ ಹಸುಗೂಸು ಪಕ್ಕದ ತೊಟ್ಟಿಲಿಗೆ ಎದ್ದು ಹೋಗುವುದಿಲ್ಲ. ಆದರೂ ಪಕ್ಕದ ತೊಟ್ಟಿಲಿನ ಕಾಯಿಲೆ ಅದಕ್ಕೆ ಬರುತ್ತದೆ. ಅದನ್ನು ಹೊತ್ತು ತರುವುದು ನಮ್ಮ ಕೈ. ಮಗುವನ್ನು ಎತ್ತುವ, ತಟ್ಟಿ ಮಲಗಿಸುವ, ತುತ್ತಿಡುವ ಕೈಯೇ ಇದನ್ನೂ ಮಾಡುತ್ತದೆ. ಹೇಳಲು ಸಂಕಟವಾಗುತ್ತದೆ, ಆದರೂ ಹೇಳಲೇಬೇಕು.

ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಊರು ಬೇಡ, ನಿಲಯದ ಹೆಸರೂ ಬೇಡ. ಎಂಟು ಚಿಕ್ಕ ಮಕ್ಕಳಿದ್ದ ಒಂದು ಕೋಣೆ. ಒಂದು ಸೋಮವಾರ ಮೊದಲ ತೊಟ್ಟಿಲಿನ ಮಗುವಿಗೆ ಭೇದಿ ಶುರುವಾಯಿತು. ವಾರ ಕಳೆಯುವುದರೊಳಗೆ ಕೊನೆಯ ತೊಟ್ಟಿಲಿಗೂ ಬಂತು. ನೀರು ಕೆಟ್ಟಿರಬೇಕು ಎಂದರು. ಕುಡಿಯುವ ನೀರು ಶುದ್ಧ ನೀರಿನ ಘಟಕದ್ದೇ. ಹಾಲು ಕೆಟ್ಟಿರಬೇಕು ಎಂದರು. ಹಾಲು ಕಾಸಿದ್ದೇ. ಕೊನೆಗೆ ನಾನು ಒಂದು ಸ್ಟೂಲು ಹಾಕಿಕೊಂಡು ಆ ಕೋಣೆಯ ಮೂಲೆಯಲ್ಲಿ ಒಂದು ಬೆಳಗ್ಗೆ ಪೂರ್ತಿ ಸುಮ್ಮನೆ ಕುಳಿತೆ.

ಆಯಮ್ಮ ಒಂದು ಗಳಿಗೆಯೂ ಕೂರಲಿಲ್ಲ. ಮೊದಲ ಮಗುವಿನ ಒದ್ದೆ ಬಟ್ಟೆ ಬಿಚ್ಚಿದರು, ತೊಳೆದರು, ಬೇರೆ ಬಟ್ಟೆ ಕಟ್ಟಿದರು. ಅಲ್ಲೇ ಇದ್ದ ಬಕೆಟ್ಟಿನಲ್ಲಿ ಕೈ ಅದ್ದಿದರು. ಸೆರಗಿಗೆ ಒರೆಸಿಕೊಂಡರು. ಎರಡನೇ ಮಗುವಿಗೆ ಮೂಗು ಸುರಿಯುತ್ತಿತ್ತು. ಅದೇ ಸೆರಗಿನ ತುದಿಯಿಂದ ಒರೆಸಿದರು. ಮೂರನೇ ಮಗು ಹಸಿದು ಅಳುತ್ತಿತ್ತು. ಬಾಳೆಹಣ್ಣು ಸುಲಿದು, ಬೆರಳಲ್ಲಿ ಹಿಸುಕಿ, "ತಿನ್ನು ಮಗನೇ, ತಿನ್ನು ನನ್ನಪ್ಪ" ಎಂದು ಬಾಯಿಗಿಟ್ಟರು. ಆ ಕೈಯಲ್ಲಿ ಇದ್ದ ಅಕ್ಕರೆಗೆ ಏನೂ ಕೊರತೆ ಇರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಆ ಸೆರಗಿನಲ್ಲಿ ಮೂರು ಮಕ್ಕಳು ಸೇರಿದ್ದರು. ಮಧ್ಯಾಹ್ನದ ಹೊತ್ತಿಗೆ ಎಂಟೂ ಮಕ್ಕಳು ಸೇರಿದ್ದರು.

"ಅಕ್ಕಾ, ಸೋಪು ಹಾಕಿ ಕೈ ತೊಳೆಯಬಾರದಾ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿ ಹೇಳಿದ್ದು ಇವತ್ತಿಗೂ ನೆನಪಿದೆ. "ಸೋಪು ಮುಗ್ದು ನಾಕು ದಿನ ಆತು ಸಿಸ್ಟರ್. ನಲ್ಲಿ ಆ ತುದೀಲೈತೆ. ನಾನು ಅಲ್ಲಿಗೋಗಿ ಬರಾಷ್ಟ್ರಲ್ಲಿ ಇಲ್ಲಿ ಮಗ ಬಿದ್ದೋದ್ರೆ ಯಾರನ್ನ ಕೇಳ್ತಾರೆ?"

ನಾನು ಎದ್ದು ಹೋಗಿ ಹೆಜ್ಜೆ ಎಣಿಸಿದೆ. ತೊಟ್ಟಿಲಿನಿಂದ ನಲ್ಲಿಗೆ ನಲವತ್ತೆರಡು ಹೆಜ್ಜೆ. ಹೋಗಲು ನಲವತ್ತೆರಡು, ಬರಲು ನಲವತ್ತೆರಡು. ದಿನಕ್ಕೆ ಐವತ್ತು ಸಲ. ಗೋಡೆಯ ಮೇಲೆ 'ಕೈ ತೊಳೆಯಿರಿ' ಎಂಬ ಚೆಂದದ ಬಣ್ಣದ ಚಿತ್ರ ಅಂಟಿಸಿದ್ದರು. ಅದರ ಕೆಳಗೆ ನೀರೂ ಇರಲಿಲ್ಲ, ಸೋಪೂ ಇರಲಿಲ್ಲ. ತಪ್ಪು ಆ ಆಯಮ್ಮನದು ಎಂದು ನಾನು ಹೇಗೆ ಹೇಳಲಿ?

ಈ ಪಾಠವನ್ನು ವೈದ್ಯಲೋಕ ಬಹಳ ಕಷ್ಟಪಟ್ಟು ಕಲಿತದ್ದು. 1847ರಲ್ಲಿ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರಿದ್ದರು. ಅಲ್ಲಿ ಎರಡು ವಿಭಾಗ. ಸೂಲಗಿತ್ತಿಯರು ಹೆರಿಗೆ ಮಾಡಿಸುವ ವಿಭಾಗಕ್ಕಿಂತ ವೈದ್ಯರೂ ವಿದ್ಯಾರ್ಥಿಗಳೂ ಮಾಡಿಸುವ ವಿಭಾಗದಲ್ಲೇ ಬಾಣಂತಿ ಜ್ವರದ ಸಾವು ಹೆಚ್ಚು. ಈ ವೈದ್ಯರು ಹೆಣ ಕೊಯ್ದು ಪರೀಕ್ಷೆ ಮಾಡಿ, ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸಾವು ಬರುತ್ತಿರುವುದು ನಮ್ಮ ಕೈಯಿಂದಲೇ ಎಂದು ಸೆಮ್ಮೆಲ್‌ವೈಸ್ ಕಂಡುಕೊಂಡರು. ವಾರ್ಡಿಗೆ ಕಾಲಿಡುವ ಮೊದಲು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕು ಎಂದು ಕಟ್ಟುಮಾಡಿದರು. ಆ ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಬೇಸಿಗೆ ಮುಗಿಯುವುದರೊಳಗೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಇಷ್ಟು ಕಥೆ ಎಷ್ಟೋ ಜನರಿಗೆ ಗೊತ್ತು. ಇದರ ಮುಂದಿನ ಭಾಗ ಅಷ್ಟಾಗಿ ಗೊತ್ತಿಲ್ಲ, ನಮಗೆ ಬೇಕಾದದ್ದು ಅದೇ. ಅದೇ ವರ್ಷ ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಒಬ್ಬ ಹೆಂಗಸು ವಾರ್ಡಿನ ಮೊದಲ ಹಾಸಿಗೆಗೆ ಬಂದರು. ವೈದ್ಯರು ವಾರ್ಡಿಗೆ ಬರುವಾಗ ಕೈ ತೊಳೆದೇ ಬಂದಿದ್ದರು. ಮೊದಲು ಆಕೆಯನ್ನು ಪರೀಕ್ಷಿಸಿ, ಕೈಯನ್ನು ಬರಿ ಸೋಪಿನಲ್ಲಿ ತೊಳೆದುಕೊಂಡು, ಪಕ್ಕದ ಹಾಸಿಗೆಗಳಿಗೆ ಹೋದರು. ಆಕೆಯ ಜೊತೆಗಿದ್ದ ಹನ್ನೆರಡು ಬಾಣಂತಿಯರಲ್ಲಿ ಹನ್ನೊಂದು ಜನ ತೀರಿಕೊಂಡರು. ಆಮೇಲಿಂದ ಸೆಮ್ಮೆಲ್‌ವೈಸ್ ನಿಯಮ ಬದಲಿಸಿದರು. ಬಾಗಿಲಲ್ಲಿ ಒಮ್ಮೆ ತೊಳೆದರೆ ಸಾಲದು, ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ಮತ್ತೆ ತೊಳೆಯಬೇಕು.

ಬಾಗಿಲಲ್ಲಿ ತೊಳೆಯುವುದು ನಮ್ಮ ಅಜ್ಜಿಯರು ಕಲಿಸಿದ ಪಾಠ. ಮಗುವಿಗೂ ಮಗುವಿಗೂ ನಡುವೆ ತೊಳೆಯುವುದು ನಾವು ಅದಕ್ಕೆ ಸೇರಿಸಿಕೊಳ್ಳಬೇಕಾದ ಪಾಠ. ಈ ಭಾಷಣದಲ್ಲಿ ಒಂದೇ ಒಂದು ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮಗುವಿಗೂ ಮಗುವಿಗೂ ನಡುವೆ ನೀರು ಹರಿಯಬೇಕು.

ಇದು ಬಡ ದೇಶದ ತೊಂದರೆ, ಹಳ್ಳಿಯ ತೊಂದರೆ ಎಂದು ತಿಳಿಯಬೇಡಿ. 2018ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಒಂದು ದೀರ್ಘಾವಧಿ ಆರೈಕೆ ಕೇಂದ್ರದಲ್ಲಿ ಮಕ್ಕಳಿಗೆ ಅಡೆನೋವೈರಸ್ ಎಂಬ ಸೋಂಕು ಹರಡಿತು. ಅಲ್ಲಿದ್ದವರು ಉಸಿರಾಟಕ್ಕೂ ಯಂತ್ರದ ಆಸರೆ ಬೇಕಾದಂಥ ದುರ್ಬಲ ಮಕ್ಕಳು. ಗಟ್ಟಿಮುಟ್ಟಾದ ಮಗುವಿಗೆ ಬಂದಿದ್ದರೆ ನಾಲ್ಕು ದಿನದ ನೆಗಡಿ, ಜ್ವರವಾಗಿ ಹೋಗುತ್ತಿದ್ದ ವೈರಸ್ಸು ಅದು. ಅಲ್ಲಿ 36 ಜನರಿಗೆ ತಗುಲಿ, 11 ಜನರ ಪ್ರಾಣ ಹೋಯಿತು. ದುಡ್ಡಿತ್ತು, ಯಂತ್ರಗಳಿದ್ದವು, ಕಲಿತ ಸಿಬ್ಬಂದಿ ಇದ್ದರು. ತಪಾಸಣೆಗೆ ಹೋದವರು ಬರೆದಿಟ್ಟ ಕೊರತೆಗಳಲ್ಲಿ ಕೈ ತೊಳೆಯುವುದರಲ್ಲಿನ ಲೋಪವೂ ಒಂದಾಗಿತ್ತು.

ಇನ್ನೊಂದು ಕಡೆ ನೋಡಿ. ಪಾಕಿಸ್ತಾನದ ಕರಾಚಿಯ ಕೊಳೆಗೇರಿಗಳಲ್ಲಿ ಮನೆಮನೆಗೆ ಸೋಪು ಕೊಟ್ಟು, ವಾರವಾರ ಹೋಗಿ ಕೈ ತೊಳೆಯುವುದನ್ನು ಹೇಳಿಕೊಟ್ಟರು. ಆ ಅಧ್ಯಯನ 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಸೋಪು ಬಳಸಿದ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು, ಭೇದಿಯೂ ಅರ್ಧದಷ್ಟು ಕಡಿಮೆಯಾಗಿತ್ತು. ಹೊಟ್ಟೆಯ ಕಾಯಿಲೆ ಕಡಿಮೆಯಾಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಎದೆಯ ಕಾಯಿಲೆಯೂ ಕಡಿಮೆಯಾಗುತ್ತದೆ ಅನ್ನುವುದು ಹೊಸ ಮಾತು. ಮೂಗು ಒರೆಸುವ ಕೈ, ಕೆಮ್ಮಿಗೆ ಅಡ್ಡ ಹಿಡಿದ ಕೈ, ಇವೂ ಕಾಯಿಲೆ ಹೊತ್ತು ನಡೆಯುತ್ತವೆ.

ಹಾಗಾದರೆ ಯಾವಾಗ ತೊಳೆಯಬೇಕು? ಆಸ್ಪತ್ರೆಗಳಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಐದು ಗಳಿಗೆಗಳನ್ನು ಗುರುತಿಸಿಕೊಟ್ಟಿತು. ಪ್ರತಿ ವರ್ಷ ಮೇ 5ರಂದು ಕೈ ಶುಚಿತ್ವದ ದಿನವನ್ನೂ ಆಚರಿಸುತ್ತಾರೆ. ಆ ಐದನ್ನು ನಾನು ಅಂಗನವಾಡಿ, ಬಾಲಮಂದಿರಗಳ ಮಾತಿನಲ್ಲಿ ಹೇಳುತ್ತೇನೆ, ಕೇಳಿ. ಒಂದು, ಮಗುವನ್ನು ಮುಟ್ಟುವ ಮೊದಲು. ಹೊರಗಿನಿಂದ ಬಂದಿರಿ, ಬಸ್ಸಿನ ಕಂಬಿ ಹಿಡಿದಿರಿ, ಫೋನು ಹಿಡಿದಿರಿ. ಮೊದಲು ಕೈ, ಆಮೇಲೆ ಮಗು. ಎರಡು, ಮಗುವಿನ ಬಾಯಿಗೆ, ಗಾಯಕ್ಕೆ, ಕಣ್ಣಿಗೆ ಏನಾದರೂ ಹಾಕುವ ಮೊದಲು. ತುತ್ತಿಡುವುದಕ್ಕೂ ಇದೇ, ಹಾಲಿನ ಬಾಟಲಿ ಮುಟ್ಟುವುದಕ್ಕೂ ಇದೇ, ಟ್ಯೂಬಿನಲ್ಲಿ ಆಹಾರ ಕೊಡುವುದಕ್ಕೂ ಇದೇ. ಮೂರು, ಮಲ, ಮೂತ್ರ, ವಾಂತಿ, ಸಿಂಬಳ, ರಕ್ತ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ತಕ್ಷಣ. ನಾಲ್ಕು, ಒಂದು ಮಗುವಿನ ಆರೈಕೆ ಮುಗಿಸಿ ಇನ್ನೊಂದು ಮಗುವಿನ ಕಡೆ ತಿರುಗುವ ಮೊದಲು. ಐದು, ಮಗುವಿನ ಹಾಸಿಗೆ, ಆಟದ ಸಾಮಾನು, ಕುರ್ಚಿ ಮುಟ್ಟಿದ ಮೇಲೆ. ಮಗು ಕಚ್ಚಿ ಜೊಲ್ಲು ಮಾಡಿದ ಗಿಲಕಿಯೂ ಮಗುವೇ ಎಂದು ತಿಳಿಯಿರಿ.

ಹೇಗೆ ತೊಳೆಯಬೇಕು? ನೀರಲ್ಲಿ ಅದ್ದಿ ತೆಗೆಯುವುದು ತೊಳೆಯುವುದಲ್ಲ. ಬಕೆಟ್ಟಿನಲ್ಲಿ ನಾಲ್ಕು ಜನ ಕೈ ಅದ್ದಿದರೆ ನಾಲ್ಕು ಜನರ ಕೊಳೆಯೂ ನಾಲ್ಕು ಜನರಿಗೂ ಹಂಚಿಕೆಯಾಗುತ್ತದೆ. ಹರಿಯುವ ನೀರು ಬೇಕು. ಚೊಂಬಿನಿಂದ ಯಾರಾದರೂ ಹುಯ್ದರೂ ಸರಿ. ಕೈ ಒದ್ದೆ ಮಾಡಿ, ಸೋಪು ಹಚ್ಚಿ, ಅಂಗೈ, ಹಿಂಗೈ, ಬೆರಳಸಂದು ಉಜ್ಜಬೇಕು. ಹೆಬ್ಬೆರಳನ್ನು ಎಲ್ಲರೂ ಮರೆಯುತ್ತಾರೆ. ಬೆರಳತುದಿಯನ್ನು ಇನ್ನೂ ಹೆಚ್ಚು ಮರೆಯುತ್ತಾರೆ. ಮಗುವಿಗೆ ಅನ್ನ ಕಲಸುವುದು ಬೆರಳತುದಿಯಿಂದಲೇ ಅಲ್ಲವೇ? ಆ ತುದಿಗಳನ್ನು ಇನ್ನೊಂದು ಅಂಗೈಯಲ್ಲಿ ಇಟ್ಟು ಗಿರಗಿರನೆ ಉಜ್ಜಿ. ಉಗುರು ಗಿಡ್ಡ ಇರಲಿ. ಬಳೆ ತೆಗೆಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮೇಲಕ್ಕೆ ಸರಿಸಿಕೊಂಡು ಮಣಿಕಟ್ಟನ್ನೂ ಉಜ್ಜಿ ಎನ್ನುತ್ತೇನೆ. ಒದ್ದೆ ಮಾಡುವುದರಿಂದ ಒರೆಸುವವರೆಗೆ 40ರಿಂದ 60 ಸೆಕೆಂಡು ಹಿಡಿಯುತ್ತದೆ. ಕೈ ಒಣಗುವವರೆಗೂ ಕೆಲಸ ಮುಗಿದಿಲ್ಲ. ಒದ್ದೆ ಕೈ ಒಣಗಿದ ಕೈಗಿಂತ ಬೇಗ ಕೊಳೆ ಹಿಡಿಯುತ್ತದೆ, ಬೇಗ ಹರಡುತ್ತದೆ. ಒರೆಸಿಕೊಳ್ಳಲು ಒಗೆದ ಬಟ್ಟೆ ಬೇಕು. ಸೆರಗು ಬೇಡ, ಎಲ್ಲರೂ ಒರೆಸಿದ ಟವಲೂ ಬೇಡ.

ಕೋವಿಡ್ ಬಂದ ಮೇಲೆ ಸ್ಯಾನಿಟೈಸರ್ ಮನೆಮಾತಾಯಿತು. ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ ಇಲ್ಲದಾಗ ಅದು ಒಳ್ಳೆಯದೇ. 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಆದರೆ ಮಲ ತಗುಲಿದ ಕೈಗೆ, ಭೇದಿ ಹರಡುತ್ತಿರುವ ಕೋಣೆಯಲ್ಲಿ ಸೋಪು ನೀರೇ ಬೇಕು. ಬಾಟಲಿ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ, ಒಲೆಯ ಹತ್ತಿರ ಬೇಡವೇ ಬೇಡ. ಕೈಗವಸು ಹಾಕಿದ್ದೇನೆ, ತೊಳೆಯುವುದೇಕೆ ಎನ್ನುವವರೂ ಇದ್ದಾರೆ. ಒಂದೇ ಕೈಗವಸಿನಲ್ಲಿ ನಾಲ್ಕು ಮಕ್ಕಳನ್ನು ಮುಟ್ಟಿದರೆ ಕಾಪಾಡಿಕೊಂಡದ್ದು ನಮ್ಮ ಕೈಯನ್ನು, ಮಕ್ಕಳನ್ನಲ್ಲ.

ಈಗ ನಮ್ಮ ಸೀಮೆಯ ಕಷ್ಟಕ್ಕೆ ಬರೋಣ. ಪುಸ್ತಕದಲ್ಲಿ ಬರೆದದ್ದೆಲ್ಲ ನದಿ ತುಂಬಿ ಹರಿಯುವ ಊರಿಗೆ ಸುಲಭ. ನಮ್ಮ ಜಯಮಂಗಲಿ ಮಳೆ ಬಂದರೆ ನದಿ, ಇಲ್ಲದಿದ್ದರೆ ಮರಳು. ಮಧುಗಿರಿ, ಶಿರಾ, ಪಾವಗಡದಲ್ಲಿ ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರು ಗಡಸು. ಗಡಸು ನೀರಿಗೆ ಸೋಪು ನೊರೆ ಕೊಡುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪನ್ನು ಹಿಡಿದುಕೊಂಡು ಬಿಳಿ ಗಸಿ ಮಾಡಿಬಿಡುತ್ತವೆ. "ಸೋಪು ಹಚ್ಚಿದ್ರೂ ಹಚ್ದಂಗೇ ಇರಲ್ಲ, ಅದ್ಕೇ ಬಿಟ್ಬಿಟ್ಟೆ" ಎಂದು ಪಾವಗಡದ ಕಡೆಯ ಒಬ್ಬ ಸಹಾಯಕಿ ನನ್ನ ಹತ್ತಿರ ಹೇಳಿದ್ದರು. ಅವರ ಮಾತು ಸುಳ್ಳಲ್ಲ. ಅಂಥ ಕಡೆ ಸೋಪು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಉಜ್ಜುವುದೂ ಹೆಚ್ಚು ಬೇಕು. ಹ್ಯಾಂಡ್‌ವಾಶ್ ದ್ರಾವಣ ಗಡಸು ನೀರಿನಲ್ಲೂ ಚೆನ್ನಾಗಿ ನೊರೆ ಕೊಡುತ್ತದೆ. ಮಳೆನೀರು ಹಿಡಿದಿಟ್ಟ ತೊಟ್ಟಿ ಇದ್ದರೆ ಅದರ ಮೆದು ನೀರನ್ನು ಕೈ ತೊಳೆಯಲು ಎತ್ತಿಡಿ. ಎಲ್ಲಕ್ಕಿಂತ ಮುಖ್ಯ, ನೊರೆ ಕಡಿಮೆ ಬಂತೆಂದು ಸೋಪನ್ನೇ ಬಿಡಬೇಡಿ.

ನೀರೇ ಕಡಿಮೆ ಇರುವ ಕಡೆಗೂ ದಾರಿ ಇದೆ. ಆಫ್ರಿಕದ ಜಿಂಬಾಬ್ವೆಯಲ್ಲಿ ಹುಟ್ಟಿದ ಒಂದು ಉಪಾಯ ಪ್ರಪಂಚದ ಬರಗಾಲದ ಸೀಮೆಗಳಲ್ಲೆಲ್ಲ ನಡೆಯುತ್ತಿದೆ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನನ್ನು ಚೆನ್ನಾಗಿ ತೊಳೆದು, ಬಾಯಿಯ ಹತ್ತಿರ ಬಿಸಿ ಮೊಳೆಯಿಂದ ಒಂದು ತೂತು ಮಾಡಿ. ಎರಡು ಕವೆಗೂಟದ ಮೇಲೆ ಅಡ್ಡಗೋಲಿಟ್ಟು ಕ್ಯಾನನ್ನು ತೂಗುಹಾಕಿ. ಕ್ಯಾನಿನ ಕತ್ತಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೆಲದಲ್ಲಿರುವ ಒಂದು ಕೋಲಿಗೆ ಬಿಗಿಯಿರಿ. ಕಾಲಲ್ಲಿ ಕೋಲನ್ನು ಮೆಟ್ಟಿದರೆ ಕ್ಯಾನು ಬಾಗಿ ಸಣ್ಣಗೆ ನೀರು ಬೀಳುತ್ತದೆ. ಪಕ್ಕದಲ್ಲಿ ಬಲೆಚೀಲದಲ್ಲಿ ಸೋಪು ನೇತುಹಾಕಿ. ಕೊಳೆ ಕೈಯಲ್ಲಿ ನಲ್ಲಿ ತಿರುಗಿಸುವ ಪ್ರಮೇಯವೇ ಇಲ್ಲ, ಚೊಂಬಿನಲ್ಲಿ ಹುಯ್ದುಕೊಳ್ಳುವುದಕ್ಕಿಂತ ನೀರು ಎಷ್ಟೋ ಕಡಿಮೆ ಸಾಕು. ಅಂಗನವಾಡಿಯ ಅಂಗಳದಲ್ಲಿ ಇದನ್ನು ನಿಲ್ಲಿಸಿದರೆ ಮಕ್ಕಳು ಕೈ ತೊಳೆಯಲು ಜಗಳವಾಡಿಕೊಂಡು ಸಾಲು ನಿಲ್ಲುತ್ತಾರೆ. ನೀರು ಬಿದ್ದ ಜಾಗದಲ್ಲಿ ಒಂದು ಬಾಳೆಗಿಡ ನೆಡಿ.

ಇನ್ನು ನಿಲಯಗಳನ್ನು ನಡೆಸುವವರಿಗೆ, ಮೇಲ್ವಿಚಾರಕರಿಗೆ, ಪಂಚಾಯಿತಿ ಸದಸ್ಯರಿಗೆ ಕೈಮುಗಿದು ಒಂದು ಮಾತು. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳು ಏಳು ಮಕ್ಕಳಿಗೆ ಒಂದಾದರೂ ಶೌಚಾಲಯ, ಹತ್ತು ಮಕ್ಕಳಿಗೆ ಒಂದಾದರೂ ಸ್ನಾನದ ಮನೆ ಇರಬೇಕು ಎನ್ನುತ್ತವೆ. ಅದನ್ನು ನೋಡಲು ಹೋದಾಗ ಇನ್ನೂ ಮೂರು ಲೆಕ್ಕ ಮಾಡಿ. ಮೊದಲನೆಯದು ಹೆಜ್ಜೆಯ ಲೆಕ್ಕ. ಮಗುವಿನ ಬಟ್ಟೆ ಬದಲಿಸುವ ಜಾಗದಿಂದ ನೀರಿಗೆ ಎಷ್ಟು ಹೆಜ್ಜೆ? ಐದಾರು ಹೆಜ್ಜೆಗಿಂತ ಹೆಚ್ಚಿದ್ದರೆ ಒಂದು ನಲ್ಲಿಕ್ಯಾನು ತಂದಿಡಿ. ಎರಡನೆಯದು ಸೋಪಿನ ಲೆಕ್ಕ. ಅಕ್ಕಿ, ಬೇಳೆ ದಾಸ್ತಾನು ಬರೆಯುವ ಪುಸ್ತಕದಲ್ಲಿ ಸೋಪಿಗೂ ಒಂದು ಸಾಲು ಇರಲಿ. ತಿಂಗಳ ಕೊನೆಗೆ ಸೋಪು ಖರ್ಚಾಗದೆ ಉಳಿದಿದ್ದರೆ ಸಂತೋಷಪಡಬೇಡಿ, ಏಕೆ ಉಳಿಯಿತು ಎಂದು ಕೇಳಿ. ಮೂರನೆಯದು ಹೊತ್ತಿನ ಲೆಕ್ಕ. ದಿನಕ್ಕೆ ಐವತ್ತು ಸಲ, ಒಂದು ಸಲಕ್ಕೆ 40 ಸೆಕೆಂಡು ಎಂದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬರಿ ಕೈ ತೊಳೆಯುವುದಕ್ಕೇ ಬೇಕು. ಆ ಅರ್ಧ ಗಂಟೆಯನ್ನು ಕೆಲಸ ಎಂದು ಒಪ್ಪಿಕೊಳ್ಳಿ. ಒಬ್ಬ ಆಯಮ್ಮನಿಗೆ ಹದಿನೈದು ಮಕ್ಕಳನ್ನು ಒಪ್ಪಿಸಿ, ಆಮೇಲೆ ಕೈ ತೊಳೆಯಲಿಲ್ಲ ಎಂದು ಗದರಿಸುವುದು ನ್ಯಾಯವಲ್ಲ.

ಕೈ ತೊಳೆದೂ ತೊಳೆದೂ ಅವರ ಕೈ ಒಡೆಯುತ್ತದೆ, ಅದನ್ನೂ ನೋಡಿ. ನಮ್ಮ ಕಡೆಯ ಮಾಗಿ ಚಳಿಯಲ್ಲಿ, ಗಡಸು ನೀರಿನಲ್ಲಿ ಬೆರಳಸಂದು ಬಿರಿದು ರಕ್ತ ಜಿನುಗುತ್ತದೆ. ಒಡೆದ ಕೈಗೆ ಸೋಪು ಸೋಕಿದರೆ ಉರಿ; ಉರಿಯುವ ಕೈ ತಾನಾಗಿ ಸೋಪಿನಿಂದ ದೂರ ಹೋಗುತ್ತದೆ. ಬಿರುಕಿನಲ್ಲಿ ಸೋಂಕೂ ಕೂರುತ್ತದೆ. ರಾತ್ರಿ ಮಲಗುವ ಮುಂಚೆ ಹಚ್ಚಿಕೊಳ್ಳಲು ಒಂದಿಷ್ಟು ಕೊಬ್ಬರಿ ಎಣ್ಣೆ ಸಾಕು. ಮಕ್ಕಳ ದಾಸ್ತಾನಿನ ಜೊತೆ ಅದೂ ಬರಲಿ.

ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಸಿಬ್ಬಂದಿಗೇ ಭೇದಿ, ವಾಂತಿ ಆದಾಗ ರಜೆ ಕೊಡಿ, ಸಂಬಳ ಹಿಡಿಯಬೇಡಿ. ದಿನಗೂಲಿ ಹೋಗುತ್ತದೆಂಬ ಹೆದರಿಕೆಯಲ್ಲಿ ಹೊಟ್ಟೆ ಹಿಡಿದುಕೊಂಡೇ ಬಂದು ಅಡುಗೆ ಮಾಡುವ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಭೇದಿ ನಿಂತು 48 ಗಂಟೆ ಆಗುವವರೆಗೂ ಅವರು ಮಕ್ಕಳ ಅಡುಗೆ ಮುಟ್ಟಬಾರದು. ಶಿಗೆಲ್ಲಾದಂಥ ರಕ್ತಭೇದಿ ರೋಗಾಣು ಹತ್ತರಿಂದ ನೂರು ಒಳಗೆ ಹೋದರೆ ಸಾಕು, ಕಾಯಿಲೆ ಬರುತ್ತದೆ. ಅಷ್ಟು ರೋಗಾಣು ಉಗುರಸಂದಿಯ ಮೂಲೆಯಲ್ಲಿ ಅಡಗಿರಬಲ್ಲವು. ಆ ಎರಡು ದಿನದ ಕೂಲಿ ಉಳಿಸಲು ಹೋಗಿ ಹತ್ತು ಮಕ್ಕಳನ್ನು ಆಸ್ಪತ್ರೆಗೆ ಸಾಗಿಸುವ ಪಾಡು ಬೇಡ.

ಬಂಧುಗಳೇ, ಕೊನೆಗೆ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ಶುಚಿ ಎಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಮಡಿ ನೆನಪಾಗುತ್ತದೆ. ಎರಡೂ ಬೇರೆ ಬೇರೆ. ಮಡಿ ಮುಟ್ಟಬೇಡ ಎನ್ನುತ್ತದೆ. ಶುಚಿ ತೊಳೆದು ಮುಟ್ಟು ಎನ್ನುತ್ತದೆ. ಸೋಂಕಿನ ಭಯಕ್ಕೆ ಮಕ್ಕಳನ್ನು ಮುಟ್ಟುವುದನ್ನೇ ಕಡಿಮೆ ಮಾಡಿದ ಕಾಲ ಒಂದಿತ್ತು. ರೆನೆ ಸ್ಪಿಟ್ಜ್ ಎಂಬ ಮನೋವೈದ್ಯರು ಅಂಥ ಒಂದು ಅನಾಥ ಶಿಶುಗಳ ನಿಲಯವನ್ನು ನೋಡಿ 1945ರಲ್ಲಿ ಬರೆದರು. ಅಲ್ಲಿ ಊಟ ಚೆನ್ನಾಗಿತ್ತು, ಕೋಣೆ ಚೊಕ್ಕಟವಾಗಿತ್ತು, ಆದರೆ ಎತ್ತಿಕೊಳ್ಳುವ ಕೈಗಳಿರಲಿಲ್ಲ. ಎರಡು ವರ್ಷ ತುಂಬುವುದರೊಳಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಕ್ಕಳು ತೀರಿಕೊಂಡವು. ಜೈಲಿನಲ್ಲಿದ್ದ ತಾಯಂದಿರ ಕೈಯಲ್ಲೇ ಬೆಳೆದ ಕೂಸುಗಳು ಅದಕ್ಕಿಂತ ಎಷ್ಟೋ ಗಟ್ಟಿಯಾಗಿದ್ದವು. ಮಗುವಿಗೆ ಹಾಲು ಎಷ್ಟು ಮುಖ್ಯವೋ ಮೈಮುಟ್ಟುವ ಕೈಯೂ ಅಷ್ಟೇ ಮುಖ್ಯ ಎಂದು ಪ್ರಪಂಚ ಆಗ ಅರಿತುಕೊಂಡಿತು.

ನಮ್ಮ ಪಾವಗಡದಲ್ಲೇ ಕಣ್ಣೆದುರಿನ ಉದಾಹರಣೆ ಇದೆ. ಶ್ರೀ ರಾಮಕೃಷ್ಣ ಸೇವಾಶ್ರಮ, ಅದರ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರ, ಸ್ವಾಮಿ ಜಪಾನಂದಜಿಯವರ ನೇತೃತ್ವದಲ್ಲಿ ದಶಕಗಳಿಂದ ಕುಷ್ಠ ರೋಗಿಗಳ, ಕ್ಷಯ ರೋಗಿಗಳ ಸೇವೆ ಮಾಡುತ್ತಿವೆ. ಊರು ದೂರ ಇಟ್ಟವರನ್ನು ಹತ್ತಿರ ಕೂರಿಸಿಕೊಳ್ಳುವ ಕೆಲಸ ಅದು. ಗಾಯ ತೊಳೆಯುವ ಕೈ ಹೆದರದೆ ಮುಂದೆ ಹೋಗುವುದು ಹೇಗೆ ಸಾಧ್ಯ? ಆಮೇಲೆ ಸೋಪು ನೀರು ಇದೆ ಎಂಬ ಧೈರ್ಯದಿಂದ. ಎಚ್.ಐ.ವಿ. ಸೋಂಕಿರುವ ಮಗು, ಸದಾ ಜೊಲ್ಲು ಸುರಿಸುವ ಮಗು, ಇವರನ್ನು ಯಾರೂ ಮೂಲೆಯಲ್ಲಿ ಕೂರಿಸಬೇಕಾಗಿಲ್ಲ. ಕೈ ತೊಳೆಯಲು ಬಂದರೆ ಎತ್ತಿಕೊಳ್ಳಲು ಹೆದರಬೇಕಾಗಿಲ್ಲ.

ಮೊದಲು ಹೇಳಿದ ಆ ಎಂಟು ತೊಟ್ಟಿಲಿನ ಕೋಣೆಗೆ ಮತ್ತೆ ಹೋಗೋಣ. ನಾವು ಅಲ್ಲಿ ದೊಡ್ಡದೇನೂ ಮಾಡಲಿಲ್ಲ. ಕೋಣೆಯ ಒಳಗೇ ಒಂದು ನಲ್ಲಿಕ್ಯಾನು, ಕೆಳಗೊಂದು ಬೇಸಿನ್, ಬಲೆಚೀಲದಲ್ಲಿ ಸೋಪು ಇಟ್ಟೆವು. ಹಳೇ ಪಂಚೆ ಹರಿದು ಪ್ರತಿ ಮಗುವಿಗೂ ಮೂರು ಮೂರು ಒರೆಸುವ ಬಟ್ಟೆ ಮಾಡಿದೆವು. ಆಯಮ್ಮನಿಗೆ ಓದಲು ಬರುತ್ತಿರಲಿಲ್ಲ. ಅವರೇ ಉಪಾಯ ಹೇಳಿದರು. ಒಂದೊಂದು ಮಗುವಿನ ಬಟ್ಟೆಯ ಮೂಲೆಗೆ ಒಂದೊಂದು ಬಣ್ಣದ ನೂಲಿನಿಂದ ಗಂಟು ಹಾಕಿದರು, ತೊಟ್ಟಿಲಿಗೂ ಅದೇ ಬಣ್ಣದ ನೂಲು ಕಟ್ಟಿದರು. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡರು. ಭೇದಿ ಅಲ್ಲಿಗೆ ಮಾಯವಾಯಿತು ಎಂದು ನಾನು ಹೇಳುವುದಿಲ್ಲ. ಚಿಕ್ಕ ಮಕ್ಕಳಿಗೆ ಅದು ಆಗಾಗ ಬಂದೇ ಬರುತ್ತದೆ. ಬಂದಾಗ ಓಆರ್‌ಎಸ್ ಕುಡಿಸಿ, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು 14 ದಿನ ಕೊಟ್ಟು, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆದರೆ ಆ ಕೋಣೆಯಲ್ಲಿ ಒಂದು ತೊಟ್ಟಿಲಿಗೆ ಬಂದದ್ದು ಆ ತೊಟ್ಟಿಲಲ್ಲೇ ನಿಲ್ಲತೊಡಗಿತು.

ಕೆಲವು ತಿಂಗಳ ಮೇಲೆ ಹೋದಾಗ, ಕೆಂಪು ನೂಲಿನ ಮಗು ನಡೆಯಲು ಕಲಿತಿತ್ತು. ಆಯಮ್ಮ ಬೇರೊಂದು ಮಗುವಿನ ಬಟ್ಟೆ ಬದಲಿಸಿ ಎದ್ದರು. ಕೆಂಪು ನೂಲಿನ ಮಗು ತಟ್ಟಾಡುತ್ತಾ ಹೋಗಿ ಅವರ ಕಾಲು ಹಿಡಿದು ಎತ್ತಿಕೋ ಎಂದು ಕೈ ಚಾಚಿತು. "ಇರು ಕಂದ, ಕೈ ತೊಳ್ಕಂಬತ್ತೀನಿ" ಎಂದರು ಆಯಮ್ಮ. ಕ್ಯಾನಿನ ಹತ್ತಿರ ಹೋಗಿ, ಸೋಪು ಹಚ್ಚಿ, ಹೆಬ್ಬೆರಳು, ಬೆರಳತುದಿ ಎಲ್ಲ ಉಜ್ಜಿ, ಒರೆಸಿಕೊಂಡು ಬಂದರು. ಮಗು ಅಷ್ಟು ಹೊತ್ತೂ ಕೈ ಚಾಚಿಕೊಂಡೇ ನಿಂತಿತ್ತು. ಬಂದವರೇ ಬಾಚಿ ಎತ್ತಿಕೊಂಡರು.